ಶ್ರೇಯಾಂಕವೂ ಶಕುನವೂ

ಜಾತ್ರೆಯ ಕುಸ್ತಿಯಾಗಲಿ, ಚುನಾವಣೆಯಾಗಲಿ, ಪರೀಕ್ಷೆಯ ಫಲಿತಾಂಶವಾಗಲಿ, ಆಗುವುದನ್ನು ಆಗುವ ಮುಂಚೆಯೇ ಹೇಳಿಬಿಡಬೇಕೆಂಬ ಚಪಲ ನಮ್ಮಲ್ಲಿ ಯಾರನ್ನೂ ಬಿಟ್ಟಿಲ್ಲ. ಟೆನಿಸ್ ಆಟದ ದೊಡ್ಡ ಪಂದ್ಯಾವಳಿಗಳು ಹತ್ತಿರ ಬಂದಾಗಲಂತೂ ಇದು ಎದ್ದು ಕಾಣುತ್ತದೆ. ಜನವರಿಯಲ್ಲಿ ಮೆಲ್ಬೋರ್ನ್, ಮೇ ತಿಂಗಳ ಕೊನೆಗೆ ಪ್ಯಾರಿಸ್, ಜೂನ್ ಕೊನೆಗೆ ವಿಂಬಲ್ಡನ್, ಆಗಸ್ಟ್ ಕೊನೆಗೆ ನ್ಯೂಯಾರ್ಕ್, ಹೀಗೆ ವರ್ಷಕ್ಕೆ ನಾಲ್ಕು ಸಲ ವೃತ್ತಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಗೆಲ್ಲುವವರು ಯಾರು, ಗೆದ್ದರೂ ಗೆಲ್ಲಬಹುದಾದವರು ಯಾರು, ಯಾರ ಕಾಲ ಮುಗಿಯಿತು ಎಂದು ಅದರಲ್ಲಿ ತೀರ್ಪು ಇರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸವಿದು ಎಂದು ನಕ್ಕು ಬಿಡಬಹುದು. ಆದರೆ ಈ ಪಟ್ಟಿಗೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಒಬ್ಬ ಮನುಷ್ಯನ ಯೋಗ್ಯತೆಯನ್ನು ಇನ್ನೊಬ್ಬನು ಯಾವ ಕೋಲಿನಿಂದ ಅಳೆಯಬೇಕು ಎಂಬ ಹಳೆಯ ಪ್ರಶ್ನೆ ಆ ಇತಿಹಾಸದೊಳಗೆ ಅಡಗಿದೆ. ಆದ್ದರಿಂದ ಟೆನಿಸ್ ಆಡದ ವಾಚಕರೂ ಇದನ್ನು ಒಂದಿಷ್ಟು ತಿರುವಿ ನೋಡಿದರೆ ನಷ್ಟವೇನಿಲ್ಲ.

ಗಣಿತಜ್ಞನ ತಕರಾರು

೧೮೭೭ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯಾವಳಿಗೆ ಹೆಸರು ಕೊಟ್ಟವರು ೨೨ ಜನ. ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಇಪ್ಪತ್ತೆರಡು ಹನ್ನೊಂದಾಯಿತು, ಹನ್ನೊಂದು ಆರಾಯಿತು, ಆರು ಮೂರಾಯಿತು. ಮೂವರಲ್ಲಿ ಇಬ್ಬರು ಆಡಬೇಕು, ಒಬ್ಬನು ಸುಮ್ಮನೆ ಕೂಡಬೇಕು! ಹಾಗೆ ಕುಳಿತ ವಿಲಿಯಂ ಮಾರ್ಷಲ್ ಉಪಾಂತ್ಯ ಪಂದ್ಯವನ್ನು ಆಡದೆಯೇ ಅಂತಿಮ ಪಂದ್ಯಕ್ಕೆ ಬಂದು, ಅಲ್ಲಿ ಸ್ಪೆನ್ಸರ್ ಗೋರ್ ಎಂಬವನಿಗೆ ಸೋತ. ಅಂದಿನ ಪ್ರೇಕ್ಷಕರಿಗೆ ಇದರಲ್ಲಿ ಅನ್ಯಾಯವೇನೂ ಕಂಡಂತಿಲ್ಲ. ಅದೃಷ್ಟವೂ ಆಟದ ಒಂದು ಭಾಗವೆಂದೇ ಅವರು ತಿಳಿದಿದ್ದರು.

ಇದನ್ನು ಒಪ್ಪದವನು ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್. ಹೆಸರು ಅಪರಿಚಿತವೆನಿಸಿದರೂ ವ್ಯಕ್ತಿ ಅಪರಿಚಿತನಲ್ಲ. ಆಲಿಸಳ ಕಥೆಯಿಂದ ಜಗತ್ಪ್ರಸಿದ್ಧನಾದ ಲೂಯಿಸ್ ಕ್ಯಾರಲ್ ಇವನೇ. ೧೮೮೩ರಲ್ಲಿ ಇವನು ಟೆನಿಸ್ ಪಂದ್ಯಗಳಲ್ಲಿ ಬಹುಮಾನ ಹಂಚುವ ಸರಿಯಾದ ಕ್ರಮ ಯಾವುದು ಎಂಬ ವಿಷಯವಾಗಿ ಒಂದು ಚಿಕ್ಕ ಹೊತ್ತಿಗೆಯನ್ನು ಪ್ರಕಟಿಸಿದ. ಅವನ ತಕರಾರು ಸರಳವಾದದ್ದು. ೩೨ ಆಟಗಾರರ ಪಂದ್ಯಾವಳಿಯೊಂದನ್ನು ಎಣಿಸಿಕೊಳ್ಳಿ. ಎಲ್ಲರಿಗಿಂತ ಬಲ್ಲಿದನಾದವನು ಗೆದ್ದೇ ಗೆಲ್ಲುತ್ತಾನೆಂದೂ ಇಟ್ಟುಕೊಳ್ಳಿ. ಹಾಗಿದ್ದರೆ ಎರಡನೆಯ ಬಹುಮಾನ ಎರಡನೆಯ ಬಲಶಾಲಿಗೆ ಸಿಗುತ್ತದೆಯೇ? ಚೀಟಿಯಲ್ಲಿ ಅವನು ಮೊದಲಿಗನ ಅರ್ಧಭಾಗದಲ್ಲಿಯೇ ಬಿದ್ದರೆ ಅಂತಿಮ ಪಂದ್ಯಕ್ಕೆ ಮುಂಚೆಯೇ ಮೊದಲಿಗನ ಕೈಯಲ್ಲಿ ಸೋತು ಮನೆಗೆ ಹೋಗುತ್ತಾನೆ. ಉಳಿದ ೩೧ ಸ್ಥಾನಗಳಲ್ಲಿ ಇನ್ನೊಂದು ಅರ್ಧಭಾಗಕ್ಕೆ ಸೇರಿದವು ೧೬ ಮಾತ್ರ. ಅಂದರೆ ಎರಡನೆಯವನಿಗೆ ನ್ಯಾಯ ಸಿಗುವ ಸಂಭವ ಮೂವತ್ತೊಂದರಲ್ಲಿ ಹದಿನಾರು. ನಾಣ್ಯ ಚಿಮ್ಮಿದಷ್ಟೇ ಸರಿ!

ನಮ್ಮ ಜಾತ್ರೆಯ ಕುಸ್ತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಹೊಳೆಯುತ್ತದೆ. ಅಖಾಡದ ಸುತ್ತ ಕುಳಿತ ಹಿರಿಯ ವಸ್ತಾದರು ಮೈಕಟ್ಟು, ವಯಸ್ಸು, ಹಿಂದಿನ ಹೆಸರು ಇವನ್ನೆಲ್ಲ ನೋಡಿ ಸಮಬಲರ ಜೋಡಿ ಹೊಂದಿಸುತ್ತಾರೆ. ಅಲ್ಲಿ ಪ್ರತಿಯೊಂದು ಜೋಡಿಯೂ ತಾನೇ ಒಂದು ಪೂರ್ಣ ಪಂದ್ಯ. ಸೋತವನನ್ನು ಕಳಚುತ್ತ ಹೋಗುವ ಟೆನಿಸಿನಲ್ಲಿ ಇದಕ್ಕೆ ವಿರುದ್ಧವಾದ ಉಪಾಯ ಬೇಕು. ಬಲಶಾಲಿಗಳನ್ನು ಮೊದಲಿಗೇ ಒಬ್ಬರಿಂದೊಬ್ಬರನ್ನು ದೂರವಿಟ್ಟು, ಕೊನೆಕೊನೆಗೆ ಸಂಧಿಸುವಂತೆ ಮಾಡಬೇಕು. ಈ ಉಪಾಯಕ್ಕೆ ಇಂಗ್ಲಿಷರು 'ಸೀಡಿಂಗ್' ಎಂದರು. ಬಿತ್ತುವುದು ಎಂದೇ ಅದರ ಅರ್ಥ. ನಮ್ಮ ಪತ್ರಿಕೆಗಳು ಅದನ್ನು ಶ್ರೇಯಾಂಕ ಎಂದು ಕರೆದವು. ಎರೆಹೊಲದಲ್ಲಿ ಕೂರಿಗೆ ಹೂಡಿದ ರೈತ ಸಾಲಿಂದ ಸಾಲಿಗೆ ಅಂತರ ಕಾಯ್ದು ಬಿತ್ತುತ್ತಾನೆ. ಒಂದೇ ಕಡೆ ಕಾಳು ಸುರಿದರೆ ಒಂದರ ನೆರಳಲ್ಲಿ ಇನ್ನೊಂದು ಬಾಡುತ್ತದೆಂದು ಅವನಿಗೆ ಗೊತ್ತು. ಶ್ರೇಯಾಂಕದ ಒಳತರ್ಕವೂ ಇಷ್ಟೇ. ವಿಂಬಲ್ಡನ್ನಿನಲ್ಲಿ ಇದು ಆಟಗಾರರ ಯೋಗ್ಯತೆಯ ಆಧಾರದ ಮೇಲೆ ಪೂರ್ಣವಾಗಿ ಜಾರಿಗೆ ಬಂದದ್ದು ೧೯೨೭ರಲ್ಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಶ್ರೇಯಾಂಕ ಹುಟ್ಟಿದ್ದು ಯಾರು ಗೆಲ್ಲುತ್ತಾರೆಂದು ಹೇಳುವುದಕ್ಕಲ್ಲ. ಚೀಟಿಯ ಅನ್ಯಾಯದಿಂದ ಆಟಗಾರನನ್ನು ಕಾಪಾಡುವುದಕ್ಕೆ ಹುಟ್ಟಿತು. ಅದು ನ್ಯಾಯದ ಉಪಕರಣ, ಜ್ಯೋತಿಷ್ಯದ ಗ್ರಂಥವಲ್ಲ. ಬಿತ್ತುವವನ ಜಾಣ್ಮೆ ಎಷ್ಟೇ ಇದ್ದರೂ ಮಳೆ ಅವನ ಕೈಯಲ್ಲಿಲ್ಲ.

ಮೊದಲ ವರ್ಷದ ಪಾಠ

ಈ ಪಾಠವನ್ನು ಮರೆಯಬಾರದೆಂದೋ ಏನೋ, ಮೊದಲ ವರ್ಷವೇ ಅದು ಮನದಟ್ಟಾಗುವಂಥ ಘಟನೆ ನಡೆಯಿತು. ೧೯೨೭ರ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ಫ್ರಾನ್ಸಿನ ರೆನೆ ಲಕೋಸ್ತನದು, ಎರಡನೆಯದು ಅಮೆರಿಕದ ಬಿಲ್ ಟಿಲ್ಡನ್ನನದು. ನಾಲ್ಕನೆಯವನಾಗಿದ್ದ ಹೆನ್ರಿ ಕೋಶೆ ಎಂಟರ ಘಟ್ಟದಲ್ಲಿ ಎರಡು ಸೆಟ್ ಸೋತು, ಮೂರು ಗೆದ್ದ. ಉಪಾಂತ್ಯದಲ್ಲಿ ಟಿಲ್ಡನ್ನನ ಎದುರು ಎರಡು ಸೆಟ್ ಸೋತು, ಮೂರನೆಯದರಲ್ಲಿ ೧-೫ರ ಹಿನ್ನಡೆಯಲ್ಲಿದ್ದ. ಅಲ್ಲಿಂದ ಎದ್ದು ಗೆದ್ದ. ಅಂತಿಮ ಪಂದ್ಯದಲ್ಲಿ ಬೊರೊತ್ರಾನ ಎದುರು ಮತ್ತೆ ಎರಡು ಸೆಟ್ ಸೋತು, ಆರು ಸಲ ಸೋಲಿನ ಅಂಚಿಗೆ ಹೋಗಿ ಬಂದು, ಪ್ರಶಸ್ತಿಯನ್ನು ಎತ್ತಿಕೊಂಡ. ಯೋಗ್ಯತೆಯ ಪಟ್ಟಿ ಸುಳ್ಳಾಯಿತೇ? ಸುಳ್ಳಾಗಲಿಲ್ಲ. ಕೊನೆಯ ಪಂದ್ಯಗಳಲ್ಲಿ ನಿಜವಾದ ಬಲಶಾಲಿಗಳೇ ಸಂಧಿಸಿದರು. ಅವರಲ್ಲಿ ಯಾರು ಎಂಬುದನ್ನು ಮಾತ್ರ ಕಣವೇ ಹೇಳಿತು.

ಪಟ್ಟಿ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದ ವರ್ಷಗಳೂ ಇವೆ. ೨೦೨೫ರಲ್ಲಿ ಪ್ಯಾರಿಸ್, ವಿಂಬಲ್ಡನ್, ನ್ಯೂಯಾರ್ಕ್ ಮೂರೂ ಕಡೆ ಮೊದಲ ಶ್ರೇಯಾಂಕದ ಯಾನಿಕ್ ಸಿನ್ನರನೂ ಎರಡನೆಯ ಶ್ರೇಯಾಂಕದ ಕಾರ್ಲೋಸ್ ಅಲ್ಕರಾಜನೂ ಅಂತಿಮ ಪಂದ್ಯದಲ್ಲಿ ಎದುರಾದರು. ಡಾಡ್ಜ್‌ಸನ್ ಇದ್ದಿದ್ದರೆ ತೃಪ್ತಿಯಿಂದ ತಲೆದೂಗುತ್ತಿದ್ದ. ಆದರೆ ಆ ಮೂರರಲ್ಲಿ ಎರಡನ್ನು ಗೆದ್ದವನು ಎರಡನೆಯ ಶ್ರೇಯಾಂಕದವನು. ಅದರಲ್ಲೂ ಪ್ಯಾರಿಸಿನಲ್ಲಿ ಅಲ್ಕರಾಜ್ ಸೋಲಿನ ಮೂರು ಗಂಡಾಂತರಗಳನ್ನು ದಾಟಿ ಗೆದ್ದ. ಬಾಗಿಲವರೆಗೆ ಪಟ್ಟಿ ಕರೆದುಕೊಂಡು ಬಂತು. ಒಳಗೆ ಏನಾಯಿತೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಅಳೆಯುವವರು ಯಾರು?

ಪಟ್ಟಿ ಬೇಕು, ಸರಿ. ಅದನ್ನು ಬರೆಯುವವರು ಯಾರು? ಮೊದಮೊದಲು ಈ ಅಧಿಕಾರ ಇಬ್ಬರ ಕೈಯಲ್ಲಿತ್ತು: ಒಂದು ಪಂದ್ಯಾವಳಿಯ ಸಮಿತಿ, ಇನ್ನೊಂದು ಪತ್ರಿಕೆಯ ಬಾತ್ಮೀದಾರ. ಲಂಡನ್ನಿನ 'ಡೇಲಿ ಟೆಲಿಗ್ರಾಫ್' ಪತ್ರಿಕೆಯ ವಾಲಿಸ್ ಮೈಯರ್ಸ್ ಎಂಬವನು ಮೊದಲ ಮಹಾಯುದ್ಧದ ಮುಂಚಿನಿಂದ ಎರಡನೆಯ ಮಹಾಯುದ್ಧದ ಹೊಸ್ತಿಲವರೆಗೆ ಜಗತ್ತಿನ ಹತ್ತು ಶ್ರೇಷ್ಠ ಆಟಗಾರರ ಪಟ್ಟಿಯನ್ನು ಪ್ರಕಟಿಸುತ್ತಿದ್ದ. ಅವನ ಕಣ್ಣೇ ತಕ್ಕಡಿ, ಅವನ ನೆನಪೇ ದಫ್ತರ. ಕಣ್ಣು ಸೂಕ್ಷ್ಮವಾಗಿದ್ದರೆ ಇಂಥ ಪಟ್ಟಿ ಬಹಳ ಬೆಲೆಯುಳ್ಳದ್ದು. ಆದರೆ ಮನುಷ್ಯನ ಕಣ್ಣು ಆಟವನ್ನಷ್ಟೇ ನೋಡುವುದಿಲ್ಲ. ಆಡುವವನ ಊರು, ಬಣ್ಣ, ವಯಸ್ಸು, ಉಡುಪುಗಳನ್ನೂ ನೋಡುತ್ತದೆ.

ಕನ್ನಡ ಓದಿದವರಿಗೆ ಇದು ಹೊಸ ಮಾತಲ್ಲ. ಹತ್ತನೆಯ ಶತಮಾನದ ಪಂಪನ 'ವಿಕ್ರಮಾರ್ಜುನ ವಿಜಯ'ವನ್ನು ಓದಿದವರು ಕರ್ಣನನ್ನು ಮರೆಯಲಾರರು. ದ್ರೋಣಶಿಷ್ಯರ ಶಸ್ತ್ರಪ್ರದರ್ಶನದ ಕಣದಲ್ಲಿ ಅರ್ಜುನನಿಗೆ ಎದುರಾಗುವೆನೆಂದು ಬಂದವನಿಗೆ ಎದುರಾದ ಪ್ರಶ್ನೆ ಬಿಲ್ವಿದ್ಯೆಗೆ ಸಂಬಂಧಿಸಿದ್ದಲ್ಲ, ಕುಲಕ್ಕೆ ಸಂಬಂಧಿಸಿದ್ದು. ಸ್ಪರ್ಧಿಯ ಅರ್ಹತೆಯನ್ನು ತೂಗುವ ಕೆಲಸ ಎಲ್ಲಿ ಹಾದಿ ತಪ್ಪುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಟೆನಿಸಿನ ಇತಿಹಾಸವೂ ಈ ಕಳಂಕದಿಂದ ಮುಕ್ತವಲ್ಲ. ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಕರಿಯ ಜನಾಂಗದ ಆಲ್ಥಿಯಾ ಗಿಬ್ಸನ್ನಳಿಗೆ ತೆರೆದದ್ದು ೧೯೫೦ರಲ್ಲಿ. ಆ ಜನಾಂಗದಿಂದ ಅಲ್ಲಿಗೆ ಪ್ರವೇಶ ಪಡೆದವರಲ್ಲಿ ಅವಳೇ ಮೊದಲಿಗಳು. ಏಳು ವರ್ಷಗಳಲ್ಲಿ ಅವಳು ವಿಂಬಲ್ಡನ್ ಗೆದ್ದಳು; ೧೯೫೮ರಲ್ಲಿ ಮತ್ತೊಮ್ಮೆ ಗೆದ್ದಳು. ಅವಳಿಗಿಂತ ಮುಂಚೆ ಬಾಗಿಲ ಹೊರಗೆ ನಿಂತು ಹೋದವರ ಯೋಗ್ಯತೆಯನ್ನು ಯಾವ ಪಟ್ಟಿಯೂ ಬರೆದಿಡಲಿಲ್ಲ.

ಗಂಡಸರ ಆಟದಲ್ಲಿ ೧೯೭೩ರ ಆಗಸ್ಟ್ ೨೩ರಂದು ಗಣಕಯಂತ್ರ ತಯಾರಿಸಿದ ಮೊದಲ ಪಟ್ಟಿ ಹೊರಬಿತ್ತು; ರುಮೇನಿಯಾದ ಇಲಿಯೆ ನಾಸ್ತಾಸೆ ಅದರ ಮೊದಲಿಗ. ಹೆಂಗಸರ ಪಟ್ಟಿ ೧೯೭೫ರಲ್ಲಿ ಬಂತು. ಸಂಘಟಕರ ಮರ್ಜಿಯಿಂದ ಪ್ರವೇಶ ಸಿಗುವುದೂ ತಪ್ಪುವುದೂ ಆಟಗಾರರಿಗೆ ಸಾಕಾಗಿಹೋಗಿತ್ತು. ಯಂತ್ರದ ಲೆಕ್ಕ ನಿರ್ದಾಕ್ಷಿಣ್ಯವಾದದ್ದು. ಕಳೆದ ೫೨ ವಾರಗಳಲ್ಲಿ ಗಳಿಸಿದ್ದಷ್ಟೇ ನಿನ್ನದು. ವರ್ಷ ತುಂಬಿದೊಡನೆ ಹಳೆಯ ಅಂಕಗಳು ಉದುರುತ್ತವೆ, ಹೊಸದಾಗಿ ದುಡಿಯಬೇಕು. ಹೋದ ವರ್ಷದ ಸುಗ್ಗಿಯ ಲೆಕ್ಕ ಹೇಳಿಕೊಂಡು ಈ ವರ್ಷ ಉಣ್ಣಲು ಬರುವುದಿಲ್ಲ. ಈ ಲೆಕ್ಕಕ್ಕೆ ಕುಲ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ, ವಯಸ್ಸೂ ಗೊತ್ತಿಲ್ಲ. ಅದು ಕುರುಡು, ಆ ಕುರುಡುತನವೇ ಅದರ ಪುಣ್ಯ.

ಕುರುಡುತನದ ಇನ್ನೊಂದು ಮುಖ

ಆದರೆ ಕುರುಡಿಗೆ ಕಾಣಬೇಕಾದದ್ದೂ ಕಾಣುವುದಿಲ್ಲ ಎಂಬುದು ನಾಣ್ಯದ ಇನ್ನೊಂದು ಮುಖ. ಮೊದಲನೆಯದಾಗಿ, ನೆಲ. ವಿಂಬಲ್ಡನ್ ಹುಲ್ಲಿನ ಅಂಗಳ; ಪ್ಯಾರಿಸಿನದು ಇಟ್ಟಿಗೆಯ ಪುಡಿ ಹರಡಿದ ಕೆಂಪು ಅಂಗಳ. ಹುಲ್ಲಿನ ಮೇಲೆ ಚೆಂಡು ತಗ್ಗಾಗಿ ಜಾರಿ ಓಡುತ್ತದೆ; ಕೆಂಪು ಮಣ್ಣಿನ ಮೇಲೆ ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ. ೧೪ ದೊಡ್ಡ ಪ್ರಶಸ್ತಿಗಳನ್ನು ಗೆದ್ದ ಪೀಟ್ ಸಾಂಪ್ರಸ್ ಪ್ಯಾರಿಸಿನಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ರಫೇಲ್ ನಡಾಲ್ ಪ್ಯಾರಿಸ್ ಒಂದರಲ್ಲೇ ೧೪ ಸಲ ಗೆದ್ದ. ವಿಂಬಲ್ಡನ್ನಿನ ಸಮಿತಿ ಇದನ್ನರಿತು ೨೦೦೨ರಿಂದ ೨೦೧೯ರವರೆಗೆ ಗಂಡಸರ ಪಟ್ಟಿಯಲ್ಲಿ ಹುಲ್ಲಿನ ಮೇಲಿನ ಸಾಧನೆಗೆ ಹೆಚ್ಚಿನ ತೂಕ ಕೊಡುತ್ತಿತ್ತು. ೨೦೨೧ರಿಂದ ಆ ಪದ್ಧತಿಯನ್ನು ಬಿಟ್ಟು, ಗಣಕಯಂತ್ರದ ಪಟ್ಟಿಯನ್ನೇ ಅನುಸರಿಸಿತು.

ಎರಡನೆಯದಾಗಿ, ಏರುತ್ತಿರುವವನ ವೇಗ. ೫೨ ವಾರಗಳ ಸರಾಸರಿಯಲ್ಲಿ ಕಳೆದ ಮೂರು ವಾರಗಳ ಮಿಂಚು ಕಾಣುವುದಿಲ್ಲ. ೧೯೮೫ರಲ್ಲಿ ೧೭ ವರ್ಷದ ಬೋರಿಸ್ ಬೆಕರ್ ಶ್ರೇಯಾಂಕವಿಲ್ಲದೆ ವಿಂಬಲ್ಡನ್ ಗೆದ್ದಾಗ ಜಗತ್ತು ಬೆರಗಾಯಿತು. ಆದರೆ ಅದಕ್ಕೆ ಕೆಲವೇ ವಾರಗಳ ಮುಂಚೆ ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನ ಹುಲ್ಲಿನ ಮೇಲೆ ಅದೇ ಹುಡುಗ ಪ್ರಶಸ್ತಿ ಗೆದ್ದಿದ್ದ. ಪಟ್ಟಿಗೆ ಕಾಣದ್ದು ನೋಡುವ ಕಣ್ಣಿಗೆ ಕಾಣಬಹುದಾಗಿತ್ತು.

ನಮ್ಮ ದೇಶದ ರಾಮನಾಥನ್ ಕೃಷ್ಣನ್ ಕಥೆಯೂ ಇದೇ ಬಗೆಯದು. ೧೯೫೪ರಲ್ಲಿ ವಿಂಬಲ್ಡನ್ನಿನ ಬಾಲಕರ ಪ್ರಶಸ್ತಿ, ೧೯೫೯ರಲ್ಲಿ ಅದೇ ಕ್ವೀನ್ಸ್ ಕ್ಲಬ್ಬಿನ ಪ್ರಶಸ್ತಿ. ೧೯೬೦ ಮತ್ತು ೧೯೬೧ರಲ್ಲಿ ಅವರಿಗೆ ವಿಂಬಲ್ಡನ್ನಿನಲ್ಲಿ ಸಿಕ್ಕ ಶ್ರೇಯಾಂಕ ಏಳು. ಏಳನೆಯವನು ಪಟ್ಟಿಯ ಪ್ರಕಾರ ಎಂಟರ ಘಟ್ಟದಲ್ಲಿ ನಿಲ್ಲಬೇಕು. ಕೃಷ್ಣನ್ ಎರಡು ವರ್ಷವೂ ಉಪಾಂತ್ಯ ತಲುಪಿದರು. ೧೯೬೧ರಲ್ಲಿ ರಾಯ್ ಎಮರ್ಸನ್‌ನಂಥ ಆಟಗಾರನನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿದರು. ಎರಡು ಸಲವೂ ಅವರನ್ನು ತಡೆದವರು ಆಯಾ ವರ್ಷದ ವಿಜೇತರಾದ ನೀಲ್ ಫ್ರೇಸರ್ ಮತ್ತು ರಾಡ್ ಲೇವರ್. ೧೯೬೨ರಲ್ಲಿ ಸಮಿತಿ ಅವರನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿತು. ಆ ವರ್ಷ ಕಾಲಿನ ಹರಡು ಉಳುಕಿ ಅವರು ನಡುವೆಯೇ ಹಿಂದೆ ಸರಿಯಬೇಕಾಯಿತು! ಪಟ್ಟಿ ಕಡಿಮೆ ಕೊಟ್ಟಾಗ ಅವರು ಹೆಚ್ಚು ಆಡಿದರು. ಪಟ್ಟಿ ಹೆಚ್ಚು ಕೊಟ್ಟಾಗ ದೇಹ ಕೈಬಿಟ್ಟಿತು. ಪಟ್ಟಿಗೆ ಕಾಣದ ಮೂರನೆಯ ವಸ್ತು ಈ ದೇಹವೇ.

ನಮ್ಮ ನಾಡಿನ ಅಂಗಳಗಳಲ್ಲಿ

ಇನ್ನು ನಮ್ಮ ನಾಡಿಗೇ ಬರೋಣ. ಬೆಂಗಳೂರಿನ ಕಬ್ಬನ್ ಉದ್ಯಾನದೊಳಗಿನ ಟೆನಿಸ್ ಕ್ರೀಡಾಂಗಣ ಇಂಥ ಲೆಕ್ಕಗಳ ಏರುಪೇರನ್ನು ಹಲವು ಸಲ ಕಂಡಿದೆ. ೨೦೦೭ರಲ್ಲಿ ಅಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹಿಂದಿನ ವರ್ಷದ ವಿಜೇತೆ ಮಾರಾ ಸಾಂತಾಂಜೆಲೊ ಮತ್ತೆ ಅಂತಿಮ ಪಂದ್ಯಕ್ಕೆ ಬಂದಳು. ಗೆದ್ದವಳು ಮಾತ್ರ ಶ್ರೇಯಾಂಕವೇ ಇಲ್ಲದ ಹತ್ತೊಂಬತ್ತರ ಹುಡುಗಿ ಯಾರೊಸ್ಲಾವಾ ಶ್ವೆದೋವಾ. ಮರುವರ್ಷ ವಿಲಿಯಮ್ಸ್ ಸಹೋದರಿಯರು ಬೆಂಗಳೂರಿಗೆ ಬಂದರು. ಅಕ್ಕತಂಗಿಯರು ಎದುರಾದದ್ದು ಅಂತಿಮ ಪಂದ್ಯದಲ್ಲಲ್ಲ, ಉಪಾಂತ್ಯದಲ್ಲಿ. ತಂಗಿ ಸೆರೀನಾ ಸೋಲಿನ ಅಂಚಿನಿಂದ ಪಾರಾಗಿ ಅಕ್ಕ ವೀನಸ್ಸಳನ್ನು ಸೋಲಿಸಿದಳು. ಆಮೇಲೆ ಪ್ರಶಸ್ತಿಯನ್ನೂ ಗೆದ್ದಳು. ಒಂದೇ ಒಂದು ಅಂಕದಿಂದ ತಪ್ಪಿಸಿಕೊಂಡವಳ ಕೈಯಲ್ಲಿ ಸೋತ ಅಕ್ಕನಿಗೆ ಎರಡನೆಯ ಬಹುಮಾನವೂ ಇಲ್ಲ. ೧೮೮೩ರ ಗಣಿತಜ್ಞನ ತಕರಾರು ೨೦೦೮ರಲ್ಲಿ ನಮ್ಮ ರಾಜಧಾನಿಯಲ್ಲಿ ಕಣ್ಣಿಗೆ ಕಟ್ಟಿದಂತಾಯಿತು.

೨೦೧೭ರಲ್ಲಿ ಅದೇ ಅಂಗಳದಲ್ಲಿ ನಡೆದ ಗಂಡಸರ ಪಂದ್ಯಾವಳಿಗೆ ಸುಮಿತ್ ನಾಗಲ್ ಬಂದಾಗ ಜಗತ್ತಿನ ಪಟ್ಟಿಯಲ್ಲಿ ಅವನ ಸ್ಥಾನ ಮುನ್ನೂರರ ಆಚೆಗಿತ್ತು. ಉಪಾಂತ್ಯದಲ್ಲಿ ಯೂಕಿ ಭಾಂಬ್ರಿಯನ್ನೂ ಕೊನೆಯಲ್ಲಿ ಇಂಗ್ಲೆಂಡಿನ ಜೇ ಕ್ಲಾರ್ಕನನ್ನೂ ಸೋಲಿಸಿ ಅವನು ಪ್ರಶಸ್ತಿ ಗೆದ್ದ. ಬೆಂಗಳೂರಿನ ಆ ವಾರ ಒಂದು ಹುಸಿಮಿಂಚಾಗಿರಲಿಲ್ಲ. ೨೦೨೪ರ ಜನವರಿಯಲ್ಲಿ ಮೆಲ್ಬೋರ್ನಿನಲ್ಲಿ ಅರ್ಹತಾ ಸುತ್ತಿನಿಂದ ಬಂದ ನಾಗಲ್, ೩೧ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕನನ್ನು ಸೋಲಿಸಿದ. ೧೯೮೯ರಲ್ಲಿ ರಾಮನಾಥನ್ ಕೃಷ್ಣನ್ ಅವರ ಮಗ ರಮೇಶ್ ಕೃಷ್ಣನ್ ಅದೇ ಊರಿನಲ್ಲಿ ಮ್ಯಾಟ್ಸ್ ವಿಲಾಂಡರನನ್ನು ಸೋಲಿಸಿದ ನಂತರ ದೊಡ್ಡ ಪಂದ್ಯಾವಳಿಯೊಂದರ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಶ್ರೇಯಾಂಕಿತನನ್ನು ಮಣಿಸಿದ್ದು ಅದೇ ಮೊದಲು.

ನಮ್ಮ ಧಾರವಾಡವೂ ಈ ಭೂಪಟದ ಹೊರಗಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ೨೫ ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅಂತಿಮ ಪಂದ್ಯದಲ್ಲಿ ರಾಮ್‌ಕುಮಾರ್ ರಾಮನಾಥನ್, ದಿಗ್ವಿಜಯ್ ಪ್ರತಾಪ್ ಸಿಂಗ್‌ನನ್ನು ಸೋಲಿಸಿದ. ಈ ರಾಮ್‌ಕುಮಾರ್ ೨೦೧೭ರಲ್ಲಿ ತುರ್ಕಿಯ ಅಂತಾಲ್ಯಾದ ಹುಲ್ಲಿನ ಮೇಲೆ ಡೊಮಿನಿಕ್ ಥೀಮ್‌ನಂಥ ಅಗ್ರಗಣ್ಯನನ್ನು ಸೋಲಿಸಿದವನು. ೨೦೧೮ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿ ಅಂತಿಮ ಪಂದ್ಯ ತಲುಪಿದವನು. ಅಂಥವನು ಐದು ವರ್ಷಗಳ ನಂತರ ಮತ್ತೆ ಮೊದಲ ಮೆಟ್ಟಿಲಿನಿಂದ ಏರುತ್ತಿದ್ದ. ಧಾರವಾಡದ ವಿಜೇತನಿಗೆ ಸಿಗುವುದು ೨೫ ಅಂಕ. ವಿಂಬಲ್ಡನ್ನಿನ ವಿಜೇತನಿಗೆ ೨೦೦೦. ಎಂಬತ್ತು ಧಾರವಾಡಗಳನ್ನು ಗೆದ್ದರೆ ಒಂದು ವಿಂಬಲ್ಡನ್! ಈ ಅಂತರವನ್ನು ನೋಡಿದಾಗ, ಕೆಳಗಿನ ಮೆಟ್ಟಿಲಲ್ಲಿ ನಿಂತವನ ಹೆಸರು ಮುನ್ಸೂಚನೆಯ ಪಟ್ಟಿಗಳಲ್ಲಿ ಏಕೆ ಕಾಣುವುದಿಲ್ಲವೆಂಬುದು ತಿಳಿಯುತ್ತದೆ. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲವೆಂಬುದೂ ತಿಳಿಯಬೇಕು.

ಕೊಡಗಿನ ಬೋಪಣ್ಣ

ಈ ಎಲ್ಲ ಮಾತುಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿಬಂದ ಉದಾಹರಣೆ ಬೇಕಾದರೆ ರೋಹನ್ ಬೋಪಣ್ಣನವರನ್ನು ನೋಡಬೇಕು. ಬೆಂಗಳೂರಿನಲ್ಲಿ ೧೯೮೦ರ ಮಾರ್ಚ್ ೪ರಂದು ಹುಟ್ಟಿ, ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದ ಇವರು ೨೦೧೦ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ನ್ಯೂಯಾರ್ಕಿನಲ್ಲಿ ಡಬಲ್ಸ್‌ನ ಅಂತಿಮ ಪಂದ್ಯ ತಲುಪಿ ಬ್ರಯನ್ ಸಹೋದರರಿಗೆ ಸೋತರು. ೨೦೧೩ರಲ್ಲಿ ಡಬಲ್ಸ್ ಪಟ್ಟಿಯ ಮೂರನೆಯ ಸ್ಥಾನ ಮುಟ್ಟಿದರು. ೨೦೧೭ರಲ್ಲಿ ಪ್ಯಾರಿಸಿನ ಮಿಶ್ರ ಡಬಲ್ಸ್‌ನಲ್ಲಿ ಕೆನಡದ ಗೇಬ್ರಿಯೆಲಾ ಡಬ್ರೊವ್‌ಸ್ಕಿಯೊಡನೆ, ಸೋಲಿನ ಎರಡು ಗಂಡಾಂತರಗಳನ್ನು ದಾಟಿ, ಮೊದಲ ದೊಡ್ಡ ಪ್ರಶಸ್ತಿ ಗೆದ್ದರು. ಆಗ ಅವರಿಗೆ ೩೭ ವರ್ಷ. ಸಾಮಾನ್ಯವಾಗಿ ಕ್ರೀಡಾಪಟುವಿನ ಚರಿತ್ರೆಯ ಕೊನೆಯ ಅಧ್ಯಾಯ ಇಲ್ಲಿಗೆ ಮುಗಿಯಬೇಕು.

೨೦೨೧ರಲ್ಲಿ ಅದು ನಿಜವಾಗಿಯೂ ಮುಗಿಯುವಂತೆ ಕಂಡಿತು. ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲವೆಂದೂ, ಆಟಕ್ಕೆ ಮುಕ್ತಾಯ ಹಾಡುವ ವಿಚಾರ ಮಾಡಿ ಹೆಂಡತಿಗೆ ಸಂದೇಶ ಕಳುಹಿಸಿದ್ದೆನೆಂದೂ ಅವರೇ ಮುಂದೆ ಮೆಲ್ಬೋರ್ನಿನಲ್ಲಿ ಹೇಳಿದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಅಂದು ಮುಂದಿನ ವರ್ಷಗಳ ಸ್ಪರ್ಧಿಗಳನ್ನು ತೂಗಲು ಕುಳಿತ ಯಾವ ವಿಮರ್ಶಕನೂ ೪೧ ವರ್ಷದ, ಮೊಣಕಾಲು ನೋಯುವ, ಗೆಲ್ಲದ ಆಟಗಾರನ ಹೆಸರನ್ನು ಬರೆಯುತ್ತಿರಲಿಲ್ಲ. ಬರೆಯದಿದ್ದರೆ ಅದನ್ನು ಅವಿವೇಕವೆನ್ನುವಂತೆಯೂ ಇಲ್ಲ.

ಆ ಮೊಣಕಾಲುಗಳಿಗೆ ಆಸರೆಯಾದದ್ದು ಅಯ್ಯಂಗಾರ್ ಯೋಗವೆಂದು ಬೋಪಣ್ಣನವರು ಹಲವು ಸಲ ಹೇಳಿದ್ದಾರೆ. ಇಲ್ಲಿ ನಮ್ಮ ಊರಿನ ಇತಿಹಾಸದ ಒಂದು ಎಳೆ ಅನಿರೀಕ್ಷಿತವಾಗಿ ಕೈಗೆ ಸಿಗುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. ೧೯೩೬ರಲ್ಲಿ ಗುರು ಕೃಷ್ಣಮಾಚಾರ್ಯರು ಮೈಸೂರಿನಿಂದ ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕದ ಯೋಗಪ್ರವಾಸಕ್ಕೆ ಬಂದಾಗ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಪ್ರಾತ್ಯಕ್ಷಿಕೆಗಳು ನಡೆದವು. ಧಾರವಾಡದಲ್ಲಿ ಕೆಲವು ಮಹಿಳೆಯರು ಯೋಗ ಕಲಿಯಲು ಬಯಸಿದಾಗ, ಶಿಷ್ಯರಲ್ಲೇ ಚಿಕ್ಕವನೆಂದು ಅಯ್ಯಂಗಾರರನ್ನು ಕಲಿಸಲು ಕಳುಹಿಸಿದರು. ಆ ಪ್ರವಾಸದ ಪರಿಚಯದಿಂದಲೇ ೧೯೩೭ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸುವ ಕರೆ ಬಂತು. ಮುಂದಿನದು ಜಗತ್ತಿಗೆ ಗೊತ್ತಿದೆ. ಅಂದು ಧಾರವಾಡದಲ್ಲಿ ಕೃಶಶರೀರದ ಆ ಹದಿನೇಳರ ಹುಡುಗನನ್ನು ನೋಡಿದ ಯಾರಾದರೂ 'ಜಗತ್ತಿನ ಯೋಗಾಚಾರ್ಯರ ಪಟ್ಟಿ' ಬರೆದಿದ್ದರೆ, ಇವನ ಹೆಸರು ಅದರಲ್ಲಿರುತ್ತಿತ್ತೇ? ಅವನು ರೂಪಿಸಿದ ಕ್ರಮ ಮುಕ್ಕಾಲು ಶತಮಾನದ ಆಚೆ, ಪಟ್ಟಿಯಿಂದ ಜಾರುತ್ತಿದ್ದ ಇನ್ನೊಬ್ಬ ಕನ್ನಡನಾಡಿನವನ ಮೊಣಕಾಲಿಗೆ ಬಲ ಕೊಟ್ಟಿತು. ಯೋಗವೊಂದರಿಂದಲೇ ಎಲ್ಲವೂ ಆಯಿತೆಂದು ನಾನು ಹೇಳುವುದಿಲ್ಲ. ಯಾವ ಪಟ್ಟಿಯ ಲೆಕ್ಕಕ್ಕೂ ಸಿಗದ ಕಾರಣಗಳಿರುತ್ತವೆಂದು ಮಾತ್ರ ಹೇಳುತ್ತೇನೆ.

ಡಬಲ್ಸ್‌ನಲ್ಲಿ ಇಂಥ ಇನ್ನೊಂದು ಕಾರಣ ಜೊತೆಗಾರ. ೨೦೨೩ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜೊತೆಯಾದ ಮೇಲೆ ಇಬ್ಬರ ಆಟವೂ ಬೇರೆಯಾಯಿತು. ಆ ವರ್ಷ ಇಂಡಿಯನ್ ವೆಲ್ಸ್‌ನಲ್ಲಿ ಪ್ರಶಸ್ತಿ ಬಂತು. ನ್ಯೂಯಾರ್ಕಿನಲ್ಲಿ ಅಂತಿಮ ಪಂದ್ಯದ ಸೋಲು ಬಂತು. ೨೦೨೪ರ ಜನವರಿಯಲ್ಲಿ ಮೆಲ್ಬೋರ್ನಿನ ಪಂದ್ಯಾವಳಿ ಆರಂಭವಾದಾಗ ಈ ಜೋಡಿಗೆ ಸಿಕ್ಕ ಶ್ರೇಯಾಂಕ ಎರಡು. ಇದನ್ನು ವಾಚಕರು ಗಮನಿಸಬೇಕು. ಮನುಷ್ಯರು ೪೩ ವರ್ಷ ಎಂಬ ಅಂಕಿಯನ್ನು ನೋಡಿ ಹುಬ್ಬೇರಿಸುತ್ತಿದ್ದರು. ಪಟ್ಟಿ ೫೨ ವಾರಗಳ ಅಂಕಗಳನ್ನು ಮಾತ್ರ ನೋಡಿ ಅವರನ್ನು ಎರಡನೆಯ ಸ್ಥಾನದಲ್ಲಿ ಕೂಡ್ರಿಸಿತು. ಕುರುಡು ಲೆಕ್ಕ ನಮ್ಮ ಕಣ್ಣಿಗಿಂತ ನ್ಯಾಯವಾಗಿ ನಡೆದುಕೊಂಡಿತು. ಜನವರಿ ೨೭ರಂದು ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ ಜೋಡಿಯನ್ನು ೭-೬, ೭-೫ರಿಂದ ಸೋಲಿಸಿ ಇವರು ಪ್ರಶಸ್ತಿ ಗೆದ್ದರು. ಓಪನ್ ಯುಗದಲ್ಲಿ, ಅಂದರೆ ೧೯೬೮ರಿಂದೀಚೆಗೆ, ಪುರುಷರ ಡಬಲ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಗೆದ್ದ ಅತ್ಯಂತ ಹಿರಿಯರು ಬೋಪಣ್ಣ. ಎರಡು ದಿನಗಳ ಮೇಲೆ ಹೊರಬಿದ್ದ ಪಟ್ಟಿಯಲ್ಲಿ ಅವರು ಜಗತ್ತಿನ ಮೊದಲಿಗರು. ಆ ಸ್ಥಾನವನ್ನು ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಮುಟ್ಟಿದವರು ಬೇರೆ ಯಾರೂ ಇರಲಿಲ್ಲ.

ಹಾಗೆಂದು ವೀರಗಾಥೆ ಕಟ್ಟಿ ಮುಗಿಸುವಂತಿಲ್ಲ. ಅದೇ ವರ್ಷದ ಜುಲೈನಲ್ಲಿ ಪ್ಯಾರಿಸಿನ ಒಲಿಂಪಿಕ್ಸ್‌ಗೆ ಶ್ರೀರಾಮ್ ಬಾಲಾಜಿಯವರೊಡನೆ ಹೋದಾಗ, ದೇಶವೆಲ್ಲ ಪದಕದ ಕುಲಾವಿ ಹೊಲಿದು ಕಾದಿತ್ತು. ಮೊದಲ ಸುತ್ತಿನಲ್ಲೇ ಸೋಲಾಯಿತು. ೨೦೨೫ರ ನವೆಂಬರ್ ೧ರಂದು ಬೋಪಣ್ಣನವರು ಆಟದಿಂದ ನಿವೃತ್ತಿ ಘೋಷಿಸಿದರು. ಸೋಲನ್ನು ಹೇಳದೆ ಗೆಲುವನ್ನಷ್ಟೇ ಹೇಳಿದರೆ ಅದು ಇತಿಹಾಸವಾಗುವುದಿಲ್ಲ, ಹೊಗಳಿಕೆಯಾಗುತ್ತದೆ.

ತೂಗುವವನ ಧರ್ಮ

ಹಾಗಾದರೆ ಪಂದ್ಯಾವಳಿಗೆ ಮುಂಚೆ ಸ್ಪರ್ಧಿಗಳನ್ನು ತೂಗುವುದೇ ತಪ್ಪೇ? ಖಂಡಿತ ಅಲ್ಲ. ತೂಗಿ ನೋಡುವುದರಲ್ಲಿ ಆಟದ ಅರ್ಧ ರುಚಿಯಿದೆ. ಆದರೆ ತೂಗುವವನು ತನ್ನ ತಕ್ಕಡಿಯ ಮಿತಿಯನ್ನು ಅರಿತಿರಬೇಕು. ಮೊದಲು ಪಟ್ಟಿಯನ್ನು ನೋಡಲಿ, ಏಕೆಂದರೆ ಅದು ಪಕ್ಷಪಾತವಿಲ್ಲದೆ ನಿನ್ನೆಯವರೆಗಿನ ದುಡಿಮೆಯನ್ನು ಹೇಳುತ್ತದೆ. ಆಮೇಲೆ ಪಟ್ಟಿಗೆ ಕಾಣದ್ದನ್ನು ಕೇಳಲಿ: ನೆಲ ಯಾವುದು? ದೇಹ ಹೇಗಿದೆ? ಕಳೆದ ತಿಂಗಳು ಯಾರು ಏರುತ್ತಿದ್ದರು? ಜೊತೆಗಾರ ಯಾರು? ಚೀಟಿಯಲ್ಲಿ ಯಾರ ದಾರಿಗೆ ಯಾರು ಅಡ್ಡವಿದ್ದಾರೆ? ಇಷ್ಟೆಲ್ಲ ಕೇಳಿದ ಮೇಲೂ ತನ್ನ ಮಾತನ್ನು ಅಂದಾಜು ಎಂದು ಕರೆಯಲಿ, ತೀರ್ಪು ಎನ್ನದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕುಲ, ಬಣ್ಣ, ವಯಸ್ಸುಗಳನ್ನು ಯೋಗ್ಯತೆಯ ಜಾಗದಲ್ಲಿ ಕೂಡ್ರಿಸದಿರಲಿ. ಕರ್ಣನಿಗೆ ಕೇಳಿದ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳದಿರಲಿ.

ಪಾಠ ಹೇಳುವ ವೃತ್ತಿಯಲ್ಲಿರುವ ನಮ್ಮಂಥವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪರೀಕ್ಷೆಯ ಅಂಕಪಟ್ಟಿಯೂ ಒಂದು ಶ್ರೇಯಾಂಕವೇ. ಅದು ಶಿಫಾರಸಿನ ಅನ್ಯಾಯದಿಂದ ಬಡ ವಿದ್ಯಾರ್ಥಿಯನ್ನು ಕಾಪಾಡುತ್ತದೆ. ಅದಕ್ಕಾಗಿ ಅದು ಬೇಕೇ ಬೇಕು. ಆದರೆ ಈ ಸಲ ಕೆಳಗೆ ಬಿದ್ದ ಹುಡುಗನ ಜಾತಕವನ್ನು ಅದರಲ್ಲಿ ಓದತೊಡಗಿದರೆ, ನ್ಯಾಯಕ್ಕಾಗಿ ಹುಟ್ಟಿದ ಪಟ್ಟಿಯಿಂದಲೇ ಅನ್ಯಾಯ ಮಾಡಿದಂತಾಗುತ್ತದೆ. ಪಟ್ಟಿ ಒಬ್ಬನನ್ನು ಕಣಕ್ಕೆ ಕರೆಯಬಹುದು, ಎಲ್ಲಿ ನಿಲ್ಲಬೇಕೆಂದು ಹೇಳಬಹುದು. ಅವನ ಆಟ ಮುಗಿಯಿತೆಂದು ಹೇಳುವ ಅಧಿಕಾರ ಅದಕ್ಕಿಲ್ಲ. ಅದನ್ನು ಓದುವ ನಮಗೂ ಇಲ್ಲ.